ಹಳೆಯ ಎಲೆಕ್ಟ್ರಿಕ್ ಪಿಕಪ್ ಗಾಡಿಯನ್ನು ಸೇವಾಸಂಸ್ಥೆಗೆ ದಾನ ಕೊಡುವ ಕ್ರಮ

ಟಾಟಾ ಏಸ್‌ನ ಎಲೆಕ್ಟ್ರಿಕ್ ಮಾದರಿ ಪರಿಚಯವಾದದ್ದು 2022ರ ಮೇ ತಿಂಗಳಲ್ಲಿ. ಮಹೀಂದ್ರದ ಮೂರು ಚಕ್ರದ ಟ್ರಿಯೊ ಜೋರ್ ಅದಕ್ಕೂ ಮೊದಲೇ, 2020ರಲ್ಲಿ ಬಂದಿತ್ತು. ಮೊದಮೊದಲು ಇಂಥ ಗಾಡಿ ಕೊಂಡ ಮಂಗಳೂರು–ಉಡುಪಿಯ ವ್ಯಾಪಾರಿಗಳಲ್ಲಿ ಕೆಲವರು ಈಗ ದೊಡ್ಡ ಗಾಡಿಗೆ ಹೋಗುತ್ತಿದ್ದಾರೆ, ಇನ್ನು ಕೆಲವರು ವ್ಯಾಪಾರವನ್ನೇ ಮಕ್ಕಳಿಗೆ ಬಿಟ್ಟು ವಿರಮಿಸುತ್ತಿದ್ದಾರೆ. ಅವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: ಗಾಡಿಯನ್ನು ಮಾರುವ ಬದಲು ಯಾವುದಾದರೂ ವೃದ್ಧಾಶ್ರಮಕ್ಕೋ ಗೋಶಾಲೆಗೋ ಅನ್ನದಾನದ ಅಡುಗೆಮನೆಗೋ ಕೊಡಬಹುದೇ, ಕೊಟ್ಟರೆ ತೆರಿಗೆ ಉಳಿಯುತ್ತದೆಯೇ, ಕಾಗದಪತ್ರಗಳ ದಾರಿ ಯಾವುದು?

ಧಾರಾಳವಾಗಿ ಕೊಡಬಹುದು. ಆದರೆ ಕೀಲಿಕೈ ಕೊಟ್ಟು, ಹಾರ ಹಾಕಿಸಿಕೊಂಡು, ಫೋಟೊ ತೆಗೆಸಿಕೊಂಡ ಮಾತ್ರಕ್ಕೆ ದಾನ ಮುಗಿಯುವುದಿಲ್ಲ. ನೋಂದಣಿ ಪುಸ್ತಕದಲ್ಲಿ, ಅಂದರೆ ಆರ್‌ಸಿಯಲ್ಲಿ, ಸಂಸ್ಥೆಯ ಹೆಸರು ಬರುವವರೆಗೆ ಗಾಡಿ ಮೋಟಾರು ವಾಹನ ಕಾನೂನಿನ ಕಣ್ಣಿಗೆ ನಿಮ್ಮದೇ. ಈ ಲೇಖನದ ಹೆಚ್ಚಿನ ಭಾಗ ಆ ಹೆಸರು ಬದಲಾವಣೆಯ ಸುತ್ತಲೇ ಇದೆ.

ಮೊದಲು ತೆರಿಗೆಯ ಮಾತು

ಅಮೆರಿಕದಲ್ಲಿರುವ ನೆಂಟರು "ಕಾರು ದಾನ ಕೊಟ್ಟರೆ ಟ್ಯಾಕ್ಸ್ ಉಳಿಯುತ್ತದೆ" ಎಂದು ಹೇಳಿದ್ದನ್ನು ಕೇಳಿ ಇಲ್ಲಿ ಹಲವರು ಹೊರಡುತ್ತಾರೆ. ಅಲ್ಲಿನ ಕಾನೂನಿನಲ್ಲಿ ಅಂಥ ಅವಕಾಶವಿದೆ. ನಮ್ಮಲ್ಲಿ ಸೇವಾಸಂಸ್ಥೆಗಳಿಗೆ ಕೊಡುವ ದಾನಕ್ಕೆ ಆದಾಯ ತೆರಿಗೆ ಕಾಯ್ದೆಯ 80ಜಿ ಸೆಕ್ಷನ್ ಕೊಡುವ ವಿನಾಯಿತಿ ಹಣದ ರೂಪದ ದಾನಕ್ಕೆ ಮಾತ್ರ. ಅಕ್ಕಿ, ಬಟ್ಟೆ, ವಾಹನ ಮುಂತಾದ ವಸ್ತುರೂಪದ ದಾನಕ್ಕೆ ಅದು ಅನ್ವಯಿಸುವುದಿಲ್ಲ. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಹೊಸ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆ ಬದಲಾಗಿದೆಯೇ ಹೊರತು ಈ ತತ್ತ್ವ ಬದಲಾಗಿಲ್ಲ. ಗಾಡಿಗೆ ಇಂತಿಷ್ಟು ಬೆಲೆ ಕಟ್ಟಿ ರಸೀದಿ ಕೊಡುತ್ತೇವೆ, ಅದನ್ನು 80ಜಿಗೆ ತೋರಿಸಿಕೊಳ್ಳಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ತೆರಿಗೆ ವಿನಾಯಿತಿಯೂ ಬೇಕು ಎನ್ನುವವರಿಗೆ ಸರಿಯಾದ ದಾರಿಯೆಂದರೆ ಗಾಡಿಯನ್ನು ಮಾರಿ, ಬಂದ ಹಣವನ್ನು ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕ ಸಂಸ್ಥೆಗೆ ಕೊಡುವುದು. 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ವಿನಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಈ ವಿನಾಯಿತಿಯೇ ಇಲ್ಲ. ಈಗ ನೀವಾಗಿಯೇ ಬೇಡವೆನ್ನದಿದ್ದರೆ ಹೊಸ ಪದ್ಧತಿಯೇ ಅನ್ವಯಿಸುವುದರಿಂದ, ನೀವು ಯಾವುದರಲ್ಲಿದ್ದೀರಿ ಎಂದು ಮೊದಲು ಆಡಿಟರ್ ಬಳಿ ಕೇಳಿಕೊಳ್ಳಿ. ಮಾರುವುದಾದರೆ ಆರ್‌ಟಿಒದಿಂದ ಅಧಿಕಾರಪತ್ರ ಪಡೆದ ಹಳೆ ವಾಹನ ವ್ಯಾಪಾರಿಗೆ ಕೊಡುವುದು ಕ್ಷೇಮ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ಗಾಡಿ ಒಪ್ಪಿಸಿದ ಮಾಹಿತಿಯನ್ನು ಸಾರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ದಾಖಲಿಸಿದ ಮೇಲೆ ಹೊಣೆ ಆ ವ್ಯಾಪಾರಿಯದಾಗುತ್ತದೆ.

ಗಾಡಿ ಅಂಗಡಿಯ ಅಥವಾ ಕಂಪನಿಯ ಲೆಕ್ಕದಲ್ಲಿದ್ದರೆ ಇನ್ನೊಂದು ಎಚ್ಚರ ಬೇಕು. ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ನೀವು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನಿಮ್ಮ ಮಾರಾಟದ ತೆರಿಗೆಯಲ್ಲಿ ವಜಾ ಮಾಡಿ, ಪಡೆದುಕೊಂಡಿದ್ದರೆ, ಅದೇ ಗಾಡಿಯನ್ನು ಪುಕ್ಕಟೆ ಕೊಟ್ಟರೂ ಜಿಎಸ್‌ಟಿ ಕಾನೂನು ಅದನ್ನು ಮಾರಾಟವೆಂದೇ ಎಣಿಸುತ್ತದೆ. ಒಂದು ಪೈಸೆ ಬರದೆ ತೆರಿಗೆ ಕಟ್ಟಬೇಕಾದೀತು. ಆಡಿಟರ್ ಒಪ್ಪಿಗೆ ಸಿಗುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 1: ಗಾಡಿ ಕೊಡಲು ಯೋಗ್ಯವೇ ಎಂದು ನೋಡಿಕೊಳ್ಳಿ

ಡೀಸೆಲ್ ಗಾಡಿಯಲ್ಲಿ ಎಂಜಿನ್ ಹೇಗೋ ಎಲೆಕ್ಟ್ರಿಕ್ ಗಾಡಿಯಲ್ಲಿ ಬ್ಯಾಟರಿ ಹಾಗೆ. ಬೆಲೆಯ ದೊಡ್ಡ ಪಾಲು ಅದರದೇ. ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಬ್ಯಾಟರಿಯ ಆರೋಗ್ಯದ ವರದಿ ಕೇಳಿ. ಅದರಲ್ಲಿ ಎಸ್‌ಒಎಚ್ ಎಂಬ ಅಂಕಿ ಇರುತ್ತದೆ: ಹೊಸದಾಗಿದ್ದಾಗ ಹಿಡಿಯುತ್ತಿದ್ದ ವಿದ್ಯುತ್ತಿನಲ್ಲಿ ಈಗ ಶೇಕಡಾ ಎಷ್ಟನ್ನು ಹಿಡಿಯಬಲ್ಲದು ಎಂಬ ಲೆಕ್ಕ ಅದು. ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಶೇಕಡಾವಾರು ಬೇರೆ. ಅದು ಆ ಕ್ಷಣಕ್ಕೆ ಎಷ್ಟು ಚಾರ್ಜ್ ಇದೆ ಎಂಬುದನ್ನಷ್ಟೇ ಹೇಳುತ್ತದೆ. ಎಸ್‌ಒಎಚ್ ಶೇ. 70–80ಕ್ಕೆ ಇಳಿದರೆ ಬ್ಯಾಟರಿಯ ಮೊದಲ ಆಯುಷ್ಯ ಮುಗಿಯಿತೆಂದು ಸಾಮಾನ್ಯವಾಗಿ ಎಣಿಸುತ್ತಾರೆ.

ವರದಿಯೊಂದನ್ನೇ ನಂಬದೆ ಓಡಿಸಿಯೂ ನೋಡಿ. ಗಾಡಿಯನ್ನು ಪೂರ್ಣ 100 ಶೇಕಡಾ ಚಾರ್ಜ್ ಮಾಡಿ, ದಿನನಿತ್ಯದ ಭಾರ ಹೇರಿ, ಮಂಗಳೂರಿನಿಂದ ಉಡುಪಿಗೆ ಹೆದ್ದಾರಿ 66ರಲ್ಲಿ ಹೋಗಿ. ದೂರ ಸುಮಾರು 55 ಕಿ.ಮೀ., ದಾರಿ ಬಹುಪಾಲು ಸಮತಟ್ಟು. ಉಡುಪಿ ಮುಟ್ಟುವಾಗ 60 ಶೇಕಡಾ ಖರ್ಚಾಗಿದ್ದರೆ ಗಾಡಿಯ ನಿಜವಾದ ಓಟ ಸುಮಾರು 90 ಕಿ.ಮೀ. ಎಂದಾಯಿತು. ಏಸ್ ಇವಿಯ ಮೊದಲ ಮಾದರಿಯ ಪ್ರಮಾಣಿತ ಓಟ 154 ಕಿ.ಮೀ. ಎಂದು ಕಾಗದದಲ್ಲಿದ್ದರೂ ಸಂಸ್ಥೆಗೆ ಹೇಳಬೇಕಾದದ್ದು ಈ 90ನ್ನು. ಪರೀಕ್ಷೆಗೆ ಮುನ್ನ ಪೂರ್ಣ ಚಾರ್ಜ್ ಮಾಡಲೇಬೇಕೆನ್ನುವುದಕ್ಕೆ ಕಾರಣವಿದೆ: ಇಂಥ ಗಾಡಿಗಳಲ್ಲಿ ಹೆಚ್ಚಾಗಿ ಬಳಸುವ ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ವೋಲ್ಟೇಜ್ ನಡುಮಟ್ಟದಲ್ಲಿ ಹೆಚ್ಚು ಬದಲಾಗುವುದಿಲ್ಲ, ಹಾಗಾಗಿ ಬಹುಕಾಲ ಅರ್ಧಂಬರ್ಧ ಚಾರ್ಜಿನಲ್ಲೇ ಓಡಿಸಿದ ಗಾಡಿಯ ಮೀಟರ್ ತಪ್ಪು ಅಂಕಿ ತೋರಿಸತೊಡಗುತ್ತದೆ.

ಎರಡನೆಯದು ತುಕ್ಕು. ಕರಾವಳಿಯ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆ ಯಾವ ಗಾಡಿಯನ್ನೂ ಬಿಡುವುದಿಲ್ಲ. ಮಲ್ಪೆಯ ಬಂದರಿನಲ್ಲೋ ಮಂಗಳೂರಿನ ದಕ್ಕೆಯಲ್ಲೋ ಮೀನು ಹೇರಿದ ಗಾಡಿಯನ್ನಂತೂ ಕೇಳುವುದೇ ಬೇಡ. ಮೀನಿನ ಕ್ರೇಟುಗಳಿಂದ ತೊಟ್ಟಿಕ್ಕುವ ಉಪ್ಪುನೀರು ಸೀದಾ ಚಾಸಿಯ ಮೇಲೆ, ಅಲ್ಲಿಂದ ಬ್ಯಾಟರಿ ಪೆಟ್ಟಿಗೆಯ ಬೋಲ್ಟುಗಳಿಗೆ ಇಳಿಯುತ್ತದೆ. ಗಾಡಿಯನ್ನು ಲಿಫ್ಟಿಗೆ ಏರಿಸಿ ಬ್ಯಾಟರಿ ಕೂತಿರುವ ಬ್ರಾಕೆಟ್, ಪೆಟ್ಟಿಗೆಯ ಅಂಚು, ಕಿತ್ತಳೆ ಬಣ್ಣದ ಕೇಬಲ್‌ಗಳ ತುದಿ, ಚಾರ್ಜಿಂಗ್ ಸಾಕೆಟ್ಟಿನ ಪಿನ್ನುಗಳು, ಇಷ್ಟನ್ನು ತಂತ್ರಜ್ಞರಿಂದ ನೋಡಿಸಿ. ಕಿತ್ತಳೆ ಕೇಬಲ್ ಎಂದರೆ ಅಧಿಕ ವೋಲ್ಟೇಜಿನದು. ನೀವು ಮುಟ್ಟಬೇಡಿ, ಊರಿನ ಸಾಮಾನ್ಯ ಮೆಕ್ಯಾನಿಕ್‌ನಿಂದಲೂ ಮುಟ್ಟಿಸಬೇಡಿ. ಕೊಡುವ ಮುನ್ನ ಚೆಂದ ಕಾಣಲೆಂದು ಪ್ರೆಷರ್ ನೀರಿನಲ್ಲಿ ಅಡಿಭಾಗ ತೊಳೆಸುವ ಉತ್ಸಾಹವೂ ಬೇಡ.

ಬ್ಯಾಟರಿ ತೀರಾ ಸೋತಿದ್ದರೆ ಅದು ದಾನಕ್ಕೆ ಯೋಗ್ಯವಲ್ಲ. ಹೊಸ ಬ್ಯಾಟರಿಯ ಖರ್ಚನ್ನು ಆಶ್ರಮದ ತಲೆಗೆ ಕಟ್ಟಿ ಪುಣ್ಯ ಬಂತೆಂದುಕೊಳ್ಳುವುದು ನ್ಯಾಯವಲ್ಲ. ಅಂಥ ಗಾಡಿಯನ್ನು ನೋಂದಾಯಿತ ಗುಜರಿ ಘಟಕಕ್ಕೆ ಒಪ್ಪಿಸಿ, ಬಂದ ಹಣವನ್ನು ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ಅಧಿಕೃತ ಸಂಗ್ರಹಣೆಗೆ ಅಥವಾ ಮರುಬಳಕೆ ಘಟಕಕ್ಕೆ ಹೋಗಬೇಕು. ರಸ್ತೆಬದಿಯ ಗುಜರಿ ಅಂಗಡಿಗೆ ತೂಕಕ್ಕೆ ಮಾರುವುದು ಅಪಾಯಕಾರಿ ಕೂಡ.

ಬ್ಯಾಟರಿಯನ್ನು ಬಾಡಿಗೆಗೆ ಅಥವಾ ಮಾಸಿಕ ಚಂದಾ ಲೆಕ್ಕದಲ್ಲಿ ಪಡೆದಿದ್ದೀರಾದರೆ ಅದು ನಿಮ್ಮ ಸ್ವತ್ತೇ ಅಲ್ಲ. ಆ ಒಪ್ಪಂದ ಮುಗಿಸದೆ ಗಾಡಿ ಕೊಡುವಂತಿಲ್ಲ.

ಹಂತ 2: ಸಂಸ್ಥೆಗೆ ನಿಜವಾಗಿ ಬೇಕೇ ಎಂದು ಕೇಳಿ

ನಮ್ಮ ಊರುಗಳಲ್ಲಿ ಕೊಡುವುದಕ್ಕೆ ಬಂದವರಿಗೆ "ಬೇಡ" ಎನ್ನುವ ಸಂಸ್ಥೆ ಕಡಿಮೆ. ಸಂಕೋಚಕ್ಕೆ ಒಪ್ಪಿಕೊಂಡು ಶೆಡ್ಡಿನಲ್ಲಿ ನಿಲ್ಲಿಸುತ್ತಾರೆ. ತಿಂಗಳುಗಟ್ಟಲೆ ನಿಂತ ಎಲೆಕ್ಟ್ರಿಕ್ ಗಾಡಿಯಲ್ಲಿ ಮೊದಲು 12 ವೋಲ್ಟಿನ ಸಣ್ಣ ಬ್ಯಾಟರಿ ಸಾಯುತ್ತದೆ. ಅದು ಸತ್ತರೆ ದೊಡ್ಡ ಬ್ಯಾಟರಿಯಲ್ಲಿ ಚಾರ್ಜ್ ಇದ್ದರೂ ಗಾಡಿ ಏಳುವುದಿಲ್ಲ. ಆದುದರಿಂದ ನೀವೇ ನೇರವಾಗಿ ವಿಚಾರಿಸಿ: ದಿನಕ್ಕೆ ಎಷ್ಟು ದೂರ ಓಡುತ್ತದೆ, ಏನು ಹೇರುತ್ತೀರಿ, ಯಾರು ಓಡಿಸುತ್ತಾರೆ, ಎಲ್ಲಿ ಚಾರ್ಜ್ ಮಾಡುತ್ತೀರಿ?

ನಗರದೊಳಗೆ ಊಟ ಹಂಚುವ ಅಡುಗೆಮನೆಗೆ, ಹುಲ್ಲು ಹಿಂಡಿ ತರುವ ಗೋಶಾಲೆಗೆ, ಪಂಚಾಯತಿನ ಒಣಕಸ ಸಂಗ್ರಹಿಸುವ ಮಹಿಳಾ ಸಂಘಕ್ಕೆ ಇಂಥ ಗಾಡಿ ಹೇಳಿ ಮಾಡಿಸಿದಂತಿರುತ್ತದೆ. ಘಟ್ಟ ಹತ್ತಿ ಇಳಿಯುವ ಕೆಲಸವಿದ್ದರೆ ಎಚ್ಚರ. ಆಗುಂಬೆ ಅಥವಾ ಚಾರ್ಮಾಡಿ ಏರುವಾಗ ಚಾರ್ಜ್ ಇಳಿಯುವ ವೇಗಕ್ಕೂ ಉಡುಪಿಯ ಹೆದ್ದಾರಿಯ ಲೆಕ್ಕಕ್ಕೂ ಸಂಬಂಧವಿಲ್ಲ. ಮಕ್ಕಳನ್ನು ಶಾಲೆಗೆ ಕರೆದೊಯ್ಯಲು, ಹಿರಿಯರನ್ನು ಆಸ್ಪತ್ರೆಗೆ ಮುಟ್ಟಿಸಲು ಎಂದು ಯಾರಾದರೂ ಹೇಳಿದರೆ ಕೊಡಬೇಡಿ. ಸರಕು ಗಾಡಿಯ ಹಿಂಬದಿಯಲ್ಲಿ ಜನರನ್ನು ಕೂರಿಸುವುದು ಕಾನೂನುಬಾಹಿರ, ಅಪಘಾತವಾದರೆ ವಿಮೆಯೂ ಕೈಬಿಡುತ್ತದೆ.

ಚಾಲಕರ ವಿಷಯದಲ್ಲಿ ಒಂದು ಸಮಾಧಾನವಿದೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನೀಡಿದ ತೀರ್ಪಿನಂತೆ, ಎಲ್‌ಎಂವಿ, ಅಂದರೆ ಲಘು ಮೋಟಾರು ವಾಹನದ ಲೈಸೆನ್ಸ್ ಇರುವವರು 7,500 ಕಿಲೊ ಒಟ್ಟು ತೂಕದೊಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು. ಕಾರಿನ ಲೈಸೆನ್ಸ್ ಇರುವ ಸ್ವಯಂಸೇವಕರು ಸಣ್ಣ ನಾಲ್ಕು ಚಕ್ರದ ಪಿಕಪ್ಪಿಗೆ ಸಾಕು.

ಚಾರ್ಜಿಂಗಿಗೆ 16 ಆಂಪಿಯರ್ ಸಾಕೆಟ್, ಮಳೆ ಬೀಳದ ಮಾಡು, ಸರಿಯಾದ ಅರ್ತಿಂಗ್ ಇಷ್ಟು ಬೇಕು. ವಿದ್ಯುತ್ ಕಂಪನಿ ಮೆಸ್ಕಾಂ ಮಂಜೂರು ಮಾಡಿದ ಲೋಡ್ ಎಷ್ಟೆಂದು ಬಿಲ್ಲಿನಲ್ಲೇ ಇರುತ್ತದೆ. ಕಡಿಮೆಯಿದ್ದರೆ ಹೆಚ್ಚಿಸಿಕೊಳ್ಳಲು ಅರ್ಜಿ ಹಾಕಬೇಕು. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ತಿಂಗ್ ದುರ್ಬಲವಾಗುವುದರಿಂದ, ಏಪ್ರಿಲ್–ಮೇ ತಿಂಗಳಲ್ಲಿ ಅರ್ತ್ ಗುಂಡಿಗೆ ನೀರು ಹಾಕುವ ಅಭ್ಯಾಸವನ್ನು ಹೇಳಿಕೊಡಿ. ವರ್ಷದ ಖರ್ಚನ್ನೂ ಮುಚ್ಚಿಡಬೇಡಿ: ಡೀಸೆಲ್ ಇಲ್ಲವೆಂದರೆ ಖರ್ಚೇ ಇಲ್ಲವೆಂದಲ್ಲ, ಸರಕು ವಾಹನದ ಥರ್ಡ್ ಪಾರ್ಟಿ ವಿಮೆಯ, ಅಂದರೆ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಪರಿಹಾರ ಕೊಡುವ ವಿಮೆಯ, ಕಂತು ಸಣ್ಣ ಕಾರಿನದಕ್ಕಿಂತ ಹಲವು ಪಟ್ಟು ಹೆಚ್ಚು.

ಹಂತ 3: ಸಂಸ್ಥೆಯ ಕಾಗದಪತ್ರ ಪರಿಶೀಲಿಸಿ

ಹೆಸರು ಬದಲಾಗಬೇಕಾದದ್ದು ಸಂಸ್ಥೆಗೆ, ಅದರ ಅಧ್ಯಕ್ಷರಿಗಲ್ಲ. "ಸದ್ಯಕ್ಕೆ ನನ್ನ ಹೆಸರಿಗೆ ಮಾಡಿಬಿಡಿ, ಸುಲಭವಾಗುತ್ತದೆ" ಎಂಬ ಮಾತು ಸದುದ್ದೇಶದ್ದೇ ಆಗಿದ್ದರೂ ಒಪ್ಪಬೇಡಿ. ಟ್ರಸ್ಟ್ ಆಗಿದ್ದರೆ ನೋಂದಾಯಿತ ಟ್ರಸ್ಟ್ ಡೀಡ್, ಸಂಘವಾಗಿದ್ದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿಯ ಪ್ರಮಾಣಪತ್ರ, ಸಂಸ್ಥೆಯ ಪ್ಯಾನ್, ವಿಳಾಸದ ದಾಖಲೆ, ಇವುಗಳ ಪ್ರತಿ ಪಡೆಯಿರಿ. ವಾಹನವನ್ನು ದಾನವಾಗಿ ಸ್ವೀಕರಿಸಲು ತೀರ್ಮಾನಿಸಿ, ಸಹಿ ಹಾಕುವ ವ್ಯಕ್ತಿಯನ್ನು ಹೆಸರಿಸಿದ ಸಭೆಯ ನಿರ್ಣಯದ ಪ್ರತಿಯೂ ಬೇಕು. ಪಂಚಾಯತಿಗೆ ಕೊಡುವುದಾದರೂ ನಿರ್ಣಯವಿಲ್ಲದೆ ಕೊಡಬೇಡಿ. ನಿಮ್ಮ ಕಡೆಯಿಂದಲೂ ಗಾಡಿ ಪಾಲುದಾರಿಕೆ ಸಂಸ್ಥೆಯದೋ ಕಂಪನಿಯದೋ ಆಗಿದ್ದರೆ ಇಂಥದೇ ನಿರ್ಣಯ ಬೇಕಾಗುತ್ತದೆ.

ಹಂತ 4: ಬಾಕಿಗಳನ್ನು ತೀರಿಸಿ

ಆರ್‌ಸಿಯಲ್ಲಿ ಹೈಪಾಥಿಕೇಶನ್ ನಮೂದು, ಅಂದರೆ ಗಾಡಿಯ ಮೇಲೆ ಬ್ಯಾಂಕಿನ ಸಾಲವಿದೆ ಎಂಬ ಗುರುತು ಇದೆಯೇ ನೋಡಿ. ಸಾಲ ತೀರಿ ವರ್ಷವಾದರೂ ಈ ಗುರುತು ತೆಗೆಸದೆ ಬಿಟ್ಟವರು ಬಹಳ ಮಂದಿ. ಬ್ಯಾಂಕಿನಿಂದ ಎನ್‌ಒಸಿ, ಅಂದರೆ ಆಕ್ಷೇಪವಿಲ್ಲ ಎಂಬ ಪತ್ರ, ಮತ್ತು ಬ್ಯಾಂಕ್ ಸಹಿ ಮಾಡಿದ ಫಾರಂ 35 ಪಡೆದು ಅರ್ಜಿ ಸಲ್ಲಿಸಬೇಕು. ಎನ್‌ಒಸಿಗೆ ಅವಧಿ ಇರುತ್ತದೆ, ಹಳೆಯದಾಗಿದ್ದರೆ ಮತ್ತೆ ಪಡೆಯಬೇಕಾದೀತು.

ಎಫ್‌ಸಿ, ಅಂದರೆ ಗಾಡಿ ರಸ್ತೆಗೆ ಯೋಗ್ಯ ಎಂಬ ಪ್ರಮಾಣಪತ್ರ, ಚಾಲ್ತಿಯಲ್ಲಿರಬೇಕು. ಸಾರಿಗೆ ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆ ಮೇಲೆ ಪ್ರತಿವರ್ಷ ಇದನ್ನು ನವೀಕರಿಸಬೇಕು. ಅವಧಿ ಮುಗಿಯಲು ಬಂದಿದ್ದರೆ ನಿಮ್ಮ ಖರ್ಚಿನಲ್ಲೇ ಮಾಡಿಸಿಕೊಡಿ. ಇ-ಚಲನ್ ದಂಡಗಳು ಬಾಕಿಯಿದ್ದರೆ ಕಟ್ಟಿ. ಹೊಗೆ ತಪಾಸಣೆಯ ಪ್ರಮಾಣಪತ್ರ ಎಲೆಕ್ಟ್ರಿಕ್ ಗಾಡಿಗೆ ಬೇಡ. ಬ್ಯಾಟರಿಯಲ್ಲಿ ಓಡುವ ಸಾರಿಗೆ ವಾಹನಗಳಿಗೆ 2018ರಿಂದ ಪರ್ಮಿಟ್ಟಿನಿಂದಲೂ ವಿನಾಯಿತಿ ಇದೆ. ಮಧ್ಯವರ್ತಿ ಯಾರಾದರೂ ಇವೆರಡಕ್ಕೆ ಹಣ ಕೇಳಿದರೆ ಕೊಡಬೇಡಿ.

ಹಂತ 5: ದಾನಪತ್ರ ಮತ್ತು ಹೆಸರು ಬದಲಾವಣೆ

ಗಾಡಿ ಚರಾಸ್ತಿಯಾದ್ದರಿಂದ ದಾನವನ್ನು ನೋಂದಾಯಿಸಲೇಬೇಕೆಂದಿಲ್ಲ, ಒಪ್ಪಿಸಿ ಸ್ವೀಕರಿಸಿದರೂ ಸಾಕು. ಆದರೂ ಲಿಖಿತ ದಾನಪತ್ರ ಮಾಡಿಕೊಳ್ಳಿ. ನೋಂದಣಿ ಸಂಖ್ಯೆ, ಚಾಸಿ ಮತ್ತು ಮೋಟಾರ್ ಸಂಖ್ಯೆ, ಬ್ಯಾಟರಿಯ ಸೀರಿಯಲ್ ಸಂಖ್ಯೆ, ಎಸ್‌ಒಎಚ್ ವರದಿಯ ದಿನಾಂಕ, ಓಡಿದ ಕಿಲೊಮೀಟರ್, ಗೊತ್ತಿರುವ ದೋಷಗಳು, ಪ್ರತಿಫಲವಿಲ್ಲದೆ ಕೊಟ್ಟದ್ದು, ಸಂಸ್ಥೆ ಸ್ವೀಕರಿಸಿದ್ದು, ಇಷ್ಟೂ ಅದರಲ್ಲಿರಲಿ. ಮುಂದೆ ಮಾರಬಾರದು, ನಮ್ಮ ಹೆಸರು ಅಳಿಸಬಾರದು ಎಂಬಂಥ ಷರತ್ತುಗಳನ್ನು ಹಾಕದಿರುವುದೇ ಲೇಸೆಂದು ನನ್ನ ಅಭಿಪ್ರಾಯ. ನಾಳೆ ಅವರಿಗೆ ಗಾಡಿಗಿಂತ ಅದರ ಹಣವೇ ಹೆಚ್ಚು ಉಪಯೋಗಕ್ಕೆ ಬರಬಹುದು.

ಅರ್ಜಿಗೆ ಎರಡು ಫಾರಂಗಳಿವೆ. ಫಾರಂ 29 ನೀವು ಆರ್‌ಟಿಒಗೆ ಕೊಡುವ ವರ್ಗಾವಣೆಯ ಸೂಚನೆ. ಫಾರಂ 30 ಹೆಸರು ಬದಲಾಯಿಸಬೇಕೆಂಬ ಅರ್ಜಿ, ಇದಕ್ಕೆ ನಿಮ್ಮದೂ ಸಂಸ್ಥೆಯದೂ ಸಹಿ ಬೇಕು. ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ರಾಜ್ಯದೊಳಗಿನ ವರ್ಗಾವಣೆಯನ್ನು ಕೊಡುವವರು 14 ದಿನಗಳೊಳಗೆ, ಪಡೆಯುವವರು 30 ದಿನಗಳೊಳಗೆ ತಿಳಿಸಬೇಕು. ಅರ್ಜಿಯನ್ನು ಪರಿವಾಹನ್ ಸೇವಾ ಪೋರ್ಟಲ್‌ನಲ್ಲಿ ತುಂಬಬೇಕು. ಅದಕ್ಕೆ ಆರ್‌ಸಿಗೆ ಜೋಡಿಸಿದ ಮೊಬೈಲ್ ಸಂಖ್ಯೆಯ ಒಟಿಪಿ ಅಗತ್ಯ. ಗಾಡಿ ಕೊಂಡಾಗ ಷೋರೂಮಿನವರೋ ನಿಮ್ಮ ಹಳೆಯ ಮ್ಯಾನೇಜರರೋ ತಮ್ಮ ಸಂಖ್ಯೆ ಕೊಟ್ಟಿದ್ದರೆ ಮೊದಲು ಅದನ್ನು ಬದಲಾಯಿಸಿಕೊಳ್ಳಿ. ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲಿಯೇ.

ಮಂಗಳೂರಿನ ಕೆಎ-19 ಗಾಡಿ ಉಡುಪಿಯ ಸಂಸ್ಥೆಗೆ ಹೋದರೂ ನಂಬರ್ ಅದೇ ಉಳಿಯುತ್ತದೆ. ಆದರೆ ಆರ್‌ಟಿಒ ವ್ಯಾಪ್ತಿ ಬದಲಾಗುವುದರಿಂದ ಮೂಲ ಕಚೇರಿಯ ಕ್ಲಿಯರೆನ್ಸ್ ಸರ್ಟಿಫಿಕೇಟ್, ಎಲ್ಲರೂ ಸಿಸಿ ಎನ್ನುವ ಕಾಗದ, ಬೇಕೇ ಎಂದು ವಿಚಾರಿಸಿ. ಮಂಜೇಶ್ವರ ಅಥವಾ ಕಾಸರಗೋಡಿನ ಸಂಸ್ಥೆಗಾದರೆ ಕೆಲಸ ದೊಡ್ಡದು. ಅದು ಕೇರಳವಾದ್ದರಿಂದ ಇಲ್ಲಿಂದ ಫಾರಂ 28ರ ಎನ್‌ಒಸಿ, ಅಲ್ಲಿ ಹೊಸದಾಗಿ ಕೆಎಲ್-14 ನೋಂದಣಿ, ಎರಡೂ ಬೇಕು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇದು: ಅರ್ಜಿ ಮಂಜೂರಾಗುವ ಮೊದಲು ಗಾಡಿಯನ್ನು ರಸ್ತೆಗಿಳಿಸಲು ಬಿಡಬೇಡಿ. ಅಪಘಾತವಾದಾಗ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ, ಗಾಡಿಯನ್ನು ಬೇರೆಯವರಿಗೆ ಒಪ್ಪಿಸಿದ್ದೆ ಎಂಬ ವಾದ ನಿಲ್ಲದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. "ಹೆಸರು ನಿಮ್ಮದೇ ಇರಲಿ, ನಾವು ಓಡಿಸಿಕೊಳ್ಳುತ್ತೇವೆ" ಎಂಬ ಏರ್ಪಾಡು ಎಲ್ಲಕ್ಕಿಂತ ಕೆಟ್ಟದ್ದು. ಗಾಡಿಯ ಮೈಮೇಲೆ "ಕೊಡುಗೆ: ಇಂಥವರು" ಎಂದು ದೊಡ್ಡಕ್ಷರದಲ್ಲಿ ಬರೆಸುವ ಪೇಂಟರ್ ಆರ್‌ಟಿಒಗಿಂತ ಬೇಗ ಬರುತ್ತಾನೆ, ಅವನನ್ನೂ ಸ್ವಲ್ಪ ಕಾಯಿಸಿ.

ಹಂತ 6: ವಿಮೆ, ಫಾಸ್ಟ್ಯಾಗ್, ಆ್ಯಪ್

ಹೆಸರು ಬದಲಾದ 14 ದಿನಗಳೊಳಗೆ ಸಂಸ್ಥೆ ವಿಮಾ ಕಂಪನಿಗೆ ಬರೆದು ಪಾಲಿಸಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಥರ್ಡ್ ಪಾರ್ಟಿ ರಕ್ಷಣೆ ಗಾಡಿಯ ಜತೆಗೇ ಹೋಗುತ್ತದೆ. ಗಾಡಿಯ ಸ್ವಂತ ಹಾನಿಯ ರಕ್ಷಣೆ ಹಾಗಲ್ಲ, ಕೇಳಿ ಪಡೆಯಬೇಕು. ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಕೇಳದ ವರ್ಷಗಳಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ, ನಿಮಗೆ ಸೇರಿದ್ದು, ಗಾಡಿಗಲ್ಲ. ಅದರ ಪ್ರಮಾಣಪತ್ರ ಪಡೆದರೆ ಮೂರು ವರ್ಷದೊಳಗೆ ಕೊಳ್ಳುವ ಅದೇ ವರ್ಗದ ಇನ್ನೊಂದು ಗಾಡಿಗೆ ಬಳಸಬಹುದು.

ಫಾಸ್ಟ್ಯಾಗನ್ನು ಮುಚ್ಚಿಸಿ, ಗಾಜಿನಿಂದ ಕಿತ್ತುಬಿಡಿ. ಇಲ್ಲವಾದರೆ ತಲಪಾಡಿಯಲ್ಲೋ ಹೆಜಮಾಡಿಯಲ್ಲೋ ಗಾಡಿ ಟೋಲ್‌ಗೇಟ್ ದಾಟಿದಾಗಲೆಲ್ಲ ಹಣ ನಿಮ್ಮ ಖಾತೆಯಿಂದ ಹೋಗುತ್ತದೆ. ಗಾಡಿ ಎಲ್ಲಿದೆ ಎಂದು ಮೊಬೈಲಿನಲ್ಲಿ ತೋರಿಸುವ ತಯಾರಕರ ಆ್ಯಪ್‌ನಿಂದ ನಿಮ್ಮ ಖಾತೆಯನ್ನು ತೆಗೆಸಿ, ಸಂಸ್ಥೆಯದನ್ನು ಸೇರಿಸಿ. ಬ್ಯಾಟರಿಯ ವಾರಂಟಿ ಇನ್ನೂ ಉಳಿದಿದ್ದರೆ ಹೊಸ ಮಾಲೀಕರಿಗೆ ವರ್ಗವಾಗಲು ಏನು ಮಾಡಬೇಕೆಂಬುದು ವಾರಂಟಿ ಪುಸ್ತಕದಲ್ಲಿರುತ್ತದೆ. ಹೊತ್ತುಹೊತ್ತಿಗೆ ಸರ್ವಿಸ್ ಮಾಡಿಸಿದ ದಾಖಲೆ ಕೇಳುವುದರಿಂದ ಆ ಬಿಲ್ಲುಗಳನ್ನೂ ಜತೆಗಿಡಿ.

ಹಂತ 7: ಒಪ್ಪಿಸುವ ದಿನ

ಎರಡೂ ಕೀಲಿಕೈ, ಚಾರ್ಜಿಂಗ್ ಕೇಬಲ್, ಆರ್‌ಸಿ, ವಿಮೆ ಮತ್ತು ಎಫ್‌ಸಿ ಪ್ರತಿಗಳು, ಸರ್ವಿಸ್ ಪುಸ್ತಕ, ಬ್ಯಾಟರಿ ವರದಿ ಇವನ್ನು ಪಟ್ಟಿ ಮಾಡಿ ಕೊಟ್ಟು ಸಹಿ ಪಡೆಯಿರಿ. ಕೇಬಲ್ ಮರೆತು ಬರುವುದು ಸಾಮಾನ್ಯ, ಹೊಸದಕ್ಕೆ ಸಾವಿರಗಟ್ಟಲೆ ಬೇಕು. ಓಡಿಸುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ, ಅವರ ಕೈಯಿಂದಲೇ ಚಾರ್ಜಿಗೆ ಹಾಕಿಸಿ. ಮಳೆಗಾಲದಲ್ಲಿ ನೀರು ನಿಂತ ರಸ್ತೆಗೆ ಇಳಿಸಬಾರದು, ಬಹಳ ದಿನ ನಿಲ್ಲಿಸುವುದಾದರೆ ಅರ್ಧದಷ್ಟು ಚಾರ್ಜ್ ಇಟ್ಟಿರಬೇಕು, ಪ್ಲಗ್ ಬಿಸಿಯಾದರೆ ಕೂಡಲೇ ನಿಲ್ಲಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಯಬೇಕು ಎಂದು ಹೇಳಿ, ಕನ್ನಡದಲ್ಲಿ ಬರೆದೂ ಕೊಡಿ.

ಕೆಲವು ದಿನಗಳ ಬಳಿಕ ವಾಹನ್ ಪೋರ್ಟಲ್‌ನಲ್ಲಿ ಗಾಡಿಯ ಸಂಖ್ಯೆ ಹಾಕಿ ಮಾಲೀಕರ ಹೆಸರು ನೋಡಿ. ಪೂರ್ಣ ಹೆಸರು ಅಲ್ಲಿ ಕಾಣದಿರಬಹುದು, ನಿಮ್ಮದಲ್ಲವೆಂದು ಖಚಿತವಾದರೆ ಸಾಕು. ಹೊಸ ಆರ್‌ಸಿಯ ಪ್ರತಿ, ದಾನಪತ್ರ, ಸ್ವೀಕೃತಿಪತ್ರ, ಫಾರಂಗಳ ಪ್ರತಿಗಳನ್ನು ಒಂದು ಫೈಲಿನಲ್ಲಿಡಿ. ವರ್ಗಾವಣೆಗೆ ಮುಂಚಿನ ಇ-ಚಲನ್ ಯಾವುದಾದರೂ ತಡವಾಗಿ ಬಂದರೆ, ಅಥವಾ ನಂತರದ್ದು ತಪ್ಪಿ ನಿಮಗೆ ಬಂದರೆ, ಯಾವುದು ಯಾರದೆಂದು ತೋರಿಸಲು ಅದೇ ಆಧಾರ.